ಬಿಲ್ಲೆಯ ಅಡಿಯ ಅಕ್ಷರ

ಐವತ್ತೆಂಟು ವರ್ಷ ತುಂಬಿ, ತಲೆಯಲ್ಲಿ ಕಪ್ಪು ಕೂದಲು ಹುಡುಕಿದರೂ ಸಿಗದ ಆ ಮನುಷ್ಯನನ್ನು ಬೀದಿಯೆಲ್ಲ ಈಗಲೂ ‘ತಮ್ಮ’ ಎಂದೇ ಕರೆಯುತ್ತಿತ್ತು. ಅವನ ಅಕ್ಕ ಹಾಗೆ ಕರೆಯುತ್ತಿದ್ದಳು, ಅಂಗಡಿಗೆ ಬಂದವರೂ ಅದನ್ನೇ ಹಿಡಿದರು, ಅಲ್ಲಿಗೆ ಅದೇ ಹೆಸರಾಗಿ ನಿಂತುಹೋಯಿತು. ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವರೂ ‘ತಮ್ಮಾ, ಸ್ವಲ್ಪ ಇಲ್ಲಿ ಬನ್ನಿ’ ಅನ್ನುವರು. ತಮ್ಮ ಅಂತಲೂ ಅನ್ನಬೇಕು, ಬನ್ನಿ ಅಂತ ಮರ್ಯಾದೆಯನ್ನೂ ಕೊಡಬೇಕು. ಅವನು ಈ ಎಡಬಿಡಂಗಿ ಗೌರವಕ್ಕೆ ಒಗ್ಗಿಕೊಂಡಿದ್ದ.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಇಬ್ಬರಿಗೂ ಮದುವೆಯಾಗಲಿಲ್ಲ. ಯಾಕೆ ಅಂತ ಯಾರಾದರೂ ಕೆದಕಿದರೆ ಅಕ್ಕ, ‘ಮೀನಿಗೆ ಊಟ ಹಾಕೋ ಹೊತ್ತಾಯ್ತು’ ಅಂತ ಎದ್ದುಬಿಡುತ್ತಿದ್ದಳು. ಇಪ್ಪತ್ತಾರು ವರ್ಷ ಅಕ್ಕತಮ್ಮ ಸೇರಿ ಒಂದು ಅಂಗಡಿ ನಡೆಸಿದರು. ಉಪ್ಪುನೀರಿನ ಟ್ಯಾಂಕು, ಅದರ ಮೀನು, ಅದರ ಹವಳ, ಇಷ್ಟೇ ವ್ಯಾಪಾರ. ಹವಳ ಅಂದರೆ ಸರಕ್ಕೆ ಪೋಣಿಸುವ ಕೆಂಪು ಮಣಿ ಅಂದುಕೊಂಡು ಬಂದವರನ್ನು ಕಂಡರೆ ಅಕ್ಕನಿಗೆ ಪಿತ್ತ ನೆತ್ತಿಗೇರುತ್ತಿತ್ತು. ‘ಅದು ಕಲ್ಲಲ್ಲ ಕಣ್ರೀ, ಜೀವ. ಬಾಯಿದೆ, ಹೊಟ್ಟೆಯಿದೆ. ನಿಮ್ಮ ಹಾಗೆ ಮಾತಾಡಿ ತಲೆ ತಿನ್ನೋದಿಲ್ಲ, ಅಷ್ಟೇ ವ್ಯತ್ಯಾಸ.’

ಗಿರಾಕಿಗಳು ಬೆನ್ನ ಹಿಂದೆ ಅವಳಿಗೆ ‘ಅದ್ದಕ್ಕ’ ಅಂತ ಹೆಸರಿಟ್ಟಿದ್ದರು. ಯಾಕೆಂದರೆ ಹೊಸ ಹವಳವನ್ನು ಔಷಧಿಯಲ್ಲಿ ಅದ್ದದೆ ಟ್ಯಾಂಕಿಗೆ ಇಳಿಸುವವರನ್ನು ಅವಳು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಒಬ್ಬ ವಕೀಲರು ಒಮ್ಮೆ ವಾದಕ್ಕೆ ನಿಂತರು, ‘ನೋಡೋಕೆ ಕ್ಲೀನಾಗೇ ಇದೆಯಲ್ಲಮ್ಮ?’ ಅಕ್ಕ ಕೈಗವಸು ಎಳೆದುಕೊಳ್ಳುತ್ತ, ‘ಕಳ್ಳ ಹಣೆ ಮೇಲೆ ಚೀಟಿ ಅಂಟಿಸ್ಕೊಂಡು ಬರ್ತಾನಾ ಸಾರ್?’ ಅಂದಳು. ವಕೀಲರು ಜೀವಮಾನದಲ್ಲಿ ಮೊದಲ ಸಲ ವಾದ ಸೋತು, ಔಷಧಿ ಬಾಟಲಿ ಹಿಡಿದುಕೊಂಡು ಮನೆಗೆ ಹೋದರು.

ಅವಳ ಕ್ರಮ ಯಾವ ದಿನವೂ ಬದಲಾದದ್ದಿಲ್ಲ. ಕೈಗೆ ಗವಸು, ಕಣ್ಣಿಗೆ ಕನ್ನಡಕ. ಕೆಲವು ಹವಳ ವಿಷ ಉಗುಳುತ್ತವೆ, ಒಂದು ಹನಿ ಕಣ್ಣಿಗೆ ಸಿಡಿದರೆ ಸಾಕು, ಆಸ್ಪತ್ರೆಯೇ ಗತಿ. ಟ್ಯಾಂಕಿನದೇ ನೀರನ್ನು ಬೋಗುಣಿಗೆ ತೆಗೆದುಕೊಂಡು, ಔಷಧಿಯನ್ನು ಹನಿ ಎಣಿಸಿ ಹಾಕಿ, ಹತ್ತು ನಿಮಿಷ. ಹನ್ನೊಂದಲ್ಲ. ಆ ಹತ್ತು ನಿಮಿಷವೂ ರಬ್ಬರ್ ಬುರುಡೆಯ ಪಿಚಕಾರಿಯಿಂದ ಹವಳದ ಸಂದುಗೊಂದಿಗೆಲ್ಲ ನೀರು ಊದುತ್ತ, ಉದುರಿದ ಹುಳ ಎಣಿಸುತ್ತ ಕೂರಬೇಕು. ಆಮೇಲೆ ಔಷಧಿಯಿಲ್ಲದ ಉಪ್ಪುನೀರಿನಲ್ಲಿ ಎರಡು ಸಲ ಜಾಲಾಡಬೇಕು. ಅದ್ದಿದ ನೀರು ಚರಂಡಿಗೆ, ಒಂದು ಹನಿಯೂ ಟ್ಯಾಂಕಿಗೆ ಬೀಳಕೂಡದು. ಆಮೇಲೆ ಬೇರೆ ತೊಟ್ಟಿಯಲ್ಲಿ, ಸಣ್ಣ ಬೆಳಕಿನಲ್ಲಿ, ನಲವತ್ತೈದು ದಿನ ವಾಸ. ಇವೆಲ್ಲಕ್ಕಿಂತ ಮುಖ್ಯವಾಗಿ ಮಾಡಬೇಕಾದದ್ದು ಇನ್ನೊಂದಿತ್ತು. ಹವಳದ ತುಂಡನ್ನು ಅಂಟಿಸಿರುವ ಸುಣ್ಣಗಾರೆಯ ಬಿಲ್ಲೆಯನ್ನು ಬುಡಸಮೇತ ಕತ್ತರಿಸಿ ಎಸೆದುಬಿಡಬೇಕು.

‘ಔಷಧಿ ಹುಳಾನ ಕೊಲ್ಲುತ್ತೆ, ಮೊಟ್ಟೆನ ಕೊಲ್ಲಲ್ಲ’ ಅನ್ನುತ್ತಿದ್ದಳು ಅಕ್ಕ. ‘ಮೊಟ್ಟೆ ಇರೋದು ಬುಡದಲ್ಲಿ. ಬುಡ ಎಸೀರಿ.’ ಹೇಳುವಾಗ ಅಂಗೈಯ ಅಂಚಿನಿಂದ ಮೇಜಿನ ಮೇಲೆ ಒಂದು ಏಟು ಹಾಕುವಳು, ಕೊಡಲಿಯಂತೆ. ಅಂಗಡಿಗೆ ಒಂದು ಸಲ ಬಂದವರಿಗೂ ಆ ಏಟು ಮರೆಯುತ್ತಿರಲಿಲ್ಲ.

ಅಂಗಡಿಯ ನಡುವೆ ಆರಡಿ ಟ್ಯಾಂಕಿನಲ್ಲಿ ಅಕ್ಕನ ಕೊಂಬಿನ ಹವಳವಿತ್ತು. ಹೆಬ್ಬೆರಳಿನಷ್ಟಿದ್ದ ತುಂಡನ್ನು ಅವಳು ಹದಿನೆಂಟು ವರ್ಷ ಬೆಳೆಸಿ ತೊಟ್ಟಿಲಗಲ ಮಾಡಿದ್ದಳು. ಕೊಂಬುಗಳು ಕಂದು, ತುದಿಗಳು ನೇರಳೆ. ಅದನ್ನು ‘ತಾಯಿ’ ಅನ್ನುತ್ತಿದ್ದರು, ಯಾಕೆಂದರೆ ಅದರಿಂದ ಮುರಿದ ತುಂಡುಗಳು ಎಷ್ಟೋ ಮನೆಗಳಲ್ಲಿ ಬೆಳೆಯುತ್ತಿದ್ದವು. ಕೊಡುವ ಪ್ರತಿ ತುಂಡನ್ನೂ ಹೊಸ ಬಿಲ್ಲೆಗೆ ಅಂಟಿಸಿ, ಬಿಲ್ಲೆಯ ಅಡಿಗೆ ಅಕ್ಕ ದಬ್ಬಣದಿಂದ ತಾರೀಖು ಕೆತ್ತುವಳು. ಅದರ ಕೆಳಗೆ ‘ಹುಷಾರು’ ಅಂತ ಒಂದೇ ಪದ.

‘ನಿನ್ನ ಅಕ್ಷರಾನೂ ಎಸೀಬೇಕಾ ಅಕ್ಕ ಅವರು?’ ಅಂತ ತಮ್ಮ ಒಮ್ಮೆ ಕೇಳಿದ್ದ.

‘ನನ್ನ ಅಕ್ಷರ ಏನು ಶಿಲಾಶಾಸನಾನಾ? ಎಸೀಲಿ.’

ಕಟ್ಟಡದ ಯಜಮಾನರು ಕಟ್ಟಡ ಕೆಡವಿಸಲು ಹೊರಟಾಗ ಅಂಗಡಿ ಮುಚ್ಚಿತು. ಎಲ್ಲ ಮಾರಿ, ತಾಯಿಯಿದ್ದ ಟ್ಯಾಂಕೊಂದನ್ನು ಮನೆಯ ಪಡಸಾಲೆಗೆ ತಂದರು. ಅದಾಗಿ ಎರಡು ವರ್ಷಕ್ಕೆ, ಒಂದು ಬೆಳಿಗ್ಗೆ ಉಪ್ಪು ಕದಡುತ್ತಿದ್ದ ಅಕ್ಕ ಹಾಗೇ ಪಕ್ಕಕ್ಕೆ ವಾಲಿದಳು. ಲಕ್ವ. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ದಿನ ಹೋದವು.

ಉಳಿದದ್ದು ಎಡಗೈ ಮತ್ತು ಕಣ್ಣು. ಹೌದು ಅನ್ನಲು ಗೆಣ್ಣಿನಿಂದ ಒಂದು ಸಲ ತಟ್ಟುವುದು, ಅಲ್ಲ ಅನ್ನಲು ಎರಡು ಸಲ. ಒಂದು ಕಾಲದಲ್ಲಿ ವಕೀಲರ ಬಾಯಿ ಮುಚ್ಚಿಸಿದ ಹೆಂಗಸಿಗೆ ಈಗ ಇದ್ದದ್ದು ಇವೆರಡೇ ಮಾತು. ಬೆಳಿಗ್ಗೆ ಒಂಬತ್ತಕ್ಕೆ ಟ್ಯಾಂಕಿನ ದೀಪ ಹೊತ್ತುವ ಹೊತ್ತಿಗೆ ತಮ್ಮ ಅವಳ ಗಾಲಿಕುರ್ಚಿಯನ್ನು ತಂದು ಗಾಜಿನ ಮುಂದೆ ನಿಲ್ಲಿಸುವನು. ಸಂಜೆ ದೀಪ ಆರುವವರೆಗೂ ಅಲ್ಲೇ. ಡಾಕ್ಟರು ಬರೆದುಕೊಟ್ಟ ಹದಿನಾಲ್ಕು ಮಾತ್ರೆಗಿಂತ ಆ ಹವಳವೇ ಅವಳನ್ನು ಹಿಡಿದಿಟ್ಟಿದೆ ಅಂತ ಅವನು ನಂಬಿದ್ದ. ಅದು ಹೋದರೆ ಅವಳಿಗೆ ಬೆಳಿಗ್ಗೆ ಕಣ್ಣು ಬಿಡಲು ಕಾರಣವೇ ಇರುವುದಿಲ್ಲ ಅಂತಲೂ ಅವನಿಗೆ ಗೊತ್ತಿತ್ತು.

ಎರಡನೆಯ ವರ್ಷ ಅವನಿಗೆ ಒಂದು ವಿಚಿತ್ರ ಭಯ ಹಿಡಿಯಿತು. ಅಕ್ಕನ ದನಿ ಮರೆತುಹೋಗುತ್ತಿತ್ತು. ‘ಬುಡ ಎಸೀರಿ’ ಅನ್ನುವುದನ್ನು ನೆನೆಸಿಕೊಂಡರೆ ಕಿವಿಯಲ್ಲಿ ಅವನದೇ ದನಿ ಕೇಳುತ್ತಿತ್ತು. ಅವಳ ಕೈಬರಹವಾದರೂ ಇರಲಿ ಅಂತ ಮನೆಯೆಲ್ಲ ಜಾಲಾಡಿದ. ಉಪ್ಪುನೀರಿನವರ ಮನೆಯಲ್ಲಿ ಕಾಗದ ಬಾಳುವುದಿಲ್ಲ. ಅಂಗಡಿಯ ಪುಸ್ತಕಗಳು ತೇವ ಹಿಡಿದು ಇಟ್ಟಿಗೆಯ ಹಾಗೆ ಗಟ್ಟಿಯಾಗಿದ್ದವು, ಬಿಡಿಸಿದರೆ ನೀಲಿ ಕಲೆಯೊಂದೇ. ಟ್ಯಾಂಕಿನ ಗಾಜಿನ ಮೇಲೆ ಅವಳು ಬರೆಯುತ್ತಿದ್ದ ಗುರುತುಗಳನ್ನೆಲ್ಲ ಅವನೇ ತನ್ನ ಕೈಯಾರೆ ಒರೆಸಿದ್ದ. ಅಷ್ಟು ವರ್ಷ ಬರೆದ ಕೈ ಒಂದು ಗೀಟನ್ನೂ ಉಳಿಸಿರಲಿಲ್ಲ.

ಆಗ ಬಂದರು ಹಲ್ಲಿನ ಡಾಕ್ಟರು. ಆರು ವರ್ಷದ ಹಿಂದೆ ತಾಯಿಯ ಒಂದು ತುಂಡು ಕೊಂಡುಹೋದ ಹಳೆಯ ಗಿರಾಕಿ.

‘ತಮ್ಮಾ, ಕ್ಲಿನಿಕ್ಕಲ್ಲಿ ಟ್ಯಾಂಕ್ ತೆಗೆಸ್ತಾ ಇದೀನಿ. ಮಿಕ್ಕ ಕೊಂಬಿನ ಹವಳವೆಲ್ಲ ಏನೋ ಆಗಿ ಬೆಳ್ಳಗಾಗಿಹೋಯ್ತು. ಇದೊಂದೇ ಉಳಿದಿದ್ದು. ಅಕ್ಕನೋರು ಕೊಟ್ಟಿದ್ದಲ್ವಾ, ಎಸೆಯೋಕೆ ಮನಸ್ಸು ಬರ್ಲಿಲ್ಲ’ ಅಂತ ಚೀಲ ಕೈಗಿಟ್ಟರು.

ಮಿಕ್ಕಿದ್ದೆಲ್ಲ ಏನೋ ಆಗಿ ಬೆಳ್ಳಗಾಯಿತು. ಈ ಮಾತನ್ನು ಹಿಂದೆ ಅಕ್ಕನ ಎದುರು ಯಾರಾದರೂ ಆಡಿದ್ದರೆ ಚೀಲವನ್ನು ಹೊಸಿಲಿನಾಚೆಯೇ ಇಡಿಸುತ್ತಿದ್ದಳು. ತಮ್ಮನೂ ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿದವನು, ಹಾಲು ಕುಡಿಯುವ ಮಗುವಲ್ಲ. ಆದರೆ ಅವನು ಅಷ್ಟು ಹೊತ್ತಿಗೆ ಚೀಲವನ್ನು ಎತ್ತಿ ಹಿಡಿದು ಕೆಳಗಿನಿಂದ ನೋಡಿಯಾಗಿತ್ತು. ಬಿಲ್ಲೆ ಹಳೆಯದೇ. ಡಾಕ್ಟರು ಬುಡ ಎಸೆದಿರಲಿಲ್ಲ. ಅಡಿಯಲ್ಲಿ ತಾರೀಖಿತ್ತು, ಅದರ ಕೆಳಗೆ ‘ಹುಷಾರು’. ಉಕಾರದ ಕೊಂಬನ್ನು ಅಕ್ಕ ಯಾವಾಗಲೂ ಬೇಕಾದ್ದಕ್ಕಿಂತ ಉದ್ದ ಎಳೆಯುತ್ತಿದ್ದಳು. ಅದೂ ಹಾಗೇ ಇತ್ತು. ಅವನಿಗೆ ಅಲ್ಲೇ, ಡಾಕ್ಟರ ಎದುರಿಗೇ, ಕಣ್ಣು ತುಂಬಿತು.

ಅಕ್ಕನ ಮುಂದೆಯೇ ಮೇಜು ಹಾಕಿ, ಕೈಗವಸು ತೊಟ್ಟು, ಬೋಗುಣಿ ಇಟ್ಟು, ಹನಿ ಎಣಿಸಿ, ಹತ್ತು ನಿಮಿಷ ಅದ್ದಿದ. ಅಕ್ಕ ಕಣ್ಣು ಪಿಳುಕಿಸದೆ ನೋಡಿದಳು. ಮೂರು ಹುಳ ಉದುರಿದವು, ಒದ್ದೆ ಈರುಳ್ಳಿ ಸಿಪ್ಪೆಯ ಚೂರಿನಂಥ ಚಪ್ಪಟೆ ಹುಳ. ಅಕ್ಕ ಕುರ್ಚಿಯ ತೋಳಿನ ಮೇಲೆ ಅಂಗೈಯ ಅಂಚಿನಿಂದ ಏಟು ಹಾಕಿದಳು. ಬುಡ.

‘ಹೂಂ ಅಕ್ಕಾ, ಒಳಗೆ ಸಿಂಕಿನ ಹತ್ರ ಕತ್ತರಿಸ್ಕೊಂಡು ಬರ್ತೀನಿ. ಇಲ್ಲಿ ಚೂರು ಸಿಡಿಯುತ್ತೆ.’

ಸಿಂಕಿನ ಮುಂದೆ ಕತ್ತರಿ ಹಿಡಿದು ಅವನು ಎಷ್ಟು ಹೊತ್ತು ನಿಂತನೋ. ಬಿಲ್ಲೆಯನ್ನು ಬೇರೆ ಮಾಡಿ ಒಣಗಿಸಿ ಇಟ್ಟುಕೊಳ್ಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹವಳ ಆರು ವರ್ಷದಲ್ಲಿ ಬಿಲ್ಲೆಯ ಅಂಚು ದಾಟಿ ಅಡಿಗೂ ಹರಿದು, ತಾರೀಖಿನ ಮೊದಲ ಅಂಕಿಯನ್ನು ತಬ್ಬಿಕೊಂಡಿತ್ತು. ಕತ್ತರಿ ಇಟ್ಟರೆ ಬಿಲ್ಲೆ ಎರಡು ಹೋಳಾಗುವುದು ಖಂಡಿತ. ಅಕ್ಷರಗಳ ಹಳ್ಳದಲ್ಲಿ, ‘ಷಾ’ದ ಹೊಟ್ಟೆಯೊಳಗೆ ಕಾಫಿಪುಡಿಯ ಕಣದಂಥ ಕಂದು ಚುಕ್ಕೆಗಳಿದ್ದವು. ಪಾಚಿಯ ಕಲೆ ಇರಬೇಕು ಅಂದುಕೊಂಡ. ಅಂದುಕೊಂಡ ಅನ್ನುವುದಕ್ಕಿಂತ, ಹಾಗಂತ ತನಗೆ ತಾನೇ ಹೇಳಿಕೊಂಡ. ಚಾಕುವಿನಿಂದ ಕೆರೆದರೆ ಕಲೆಯ ಜೊತೆ ಅಕ್ಷರವೂ ಹೋಗುತ್ತಿತ್ತು. ಮೆತ್ತನೆ ಬ್ರಷ್ಷಿನಿಂದ, ಮಗುವಿನ ಬೆನ್ನು ಉಜ್ಜುವ ಹಾಗೆ ಉಜ್ಜಿ, ಎರಡು ಸಲ ಜಾಲಾಡಿದ.

ಹೊರಗೆ ಬಂದು, ‘ಕತ್ತರಿಸಿದೆ ಅಕ್ಕಾ’ ಅಂದ.

ಅಕ್ಕ ಒಂದು ಸಲ ತಟ್ಟಿದಳು. ಅವನು ಅವಳಿಗೆ ಹೇಳಿದ ಮೊದಲ ಸುಳ್ಳು ಅದು. ಅವಳು ನಂಬಿದಳಲ್ಲ ಅಂತ ಅವನಿಗೆ ಸಮಾಧಾನವೇ ಆಯಿತು, ನೋಡಿ.

ಹೊಸ ಹವಳಕ್ಕೆಂದು ಇದ್ದ ಬೇರೆ ತೊಟ್ಟಿಯನ್ನು ಅಕ್ಕನ ಮಂಚಕ್ಕೆ ಜಾಗ ಮಾಡಲು ಎಂದೋ ತೆಗೆದಾಗಿತ್ತು. ಹತ್ತು ದಿನ ಬಕೆಟ್ಟಿನಲ್ಲಿ ಇಟ್ಟ. ದಿನಾ ಪಿಚಕಾರಿಯಿಂದ ಊದಿದ, ಒಂದು ಹುಳವೂ ಉದುರಲಿಲ್ಲ. ಉದುರುವುದೆಲ್ಲಿಂದ, ಮೊಟ್ಟೆಯೊಡೆಯಲು ಇನ್ನೂ ಎರಡು ವಾರವಿತ್ತು. ‘ಹೊರಗಿನದೇನಲ್ಲವಲ್ಲ, ನಮ್ಮ ಮನೆ ಮಗಳೇ’ ಅಂದುಕೊಂಡು ಹನ್ನೊಂದನೆಯ ದಿನ ಅದನ್ನು ತಾಯಿಯ ಪಕ್ಕದ ಬಂಡೆಗೆ ಮೆತ್ತಿದ. ಅಕ್ಷರ ಬಂಡೆಗೆ ತಾಗದ ಹಾಗೆ ಅಡಿಗೆ ಸಂದು ಬಿಟ್ಟು, ಅಂಚಿಗೆ ಮಾತ್ರ ಅಂಟು ಹಾಕಿದ. ಆ ಸಂದು ಮರಿ ಹುಳಕ್ಕೆ ರಾಜಬೀದಿಯಾಯಿತು.

ಐದನೆಯ ವಾರ ಅಕ್ಕ ಗಾಜು ತಟ್ಟತೊಡಗಿದಳು. ಹೌದೂ ಅಲ್ಲ, ಅಲ್ಲವೂ ಅಲ್ಲ, ಒಂದೇ ಸಮನೆ ಟಕ ಟಕ ಟಕ.

‘ನೀರು ಬೇಕಾ?’ ಎರಡು ಸಲ. ‘ಶಾಲು?’ ಎರಡು ಸಲ. ‘ಮಂಚಕ್ಕೆ ಹೋಗ್ತೀಯಾ? ಫ್ಯಾನ್ ಹಾಕ್ಲಾ? ಸೊಳ್ಳೆ ಕಚ್ತಾ?’ ಎಲ್ಲದಕ್ಕೂ ಎರಡು ಸಲ. ತಮ್ಮ ಮನೆಯಲ್ಲಿರುವ ಸಾಮಾನುಗಳನ್ನೆಲ್ಲ ಒಂದೊಂದಾಗಿ ಹೆಸರು ಹಿಡಿದು ಕೇಳಿದ, ಪಾತ್ರೆ ಅಂಗಡಿಯವನು ಪಟ್ಟಿ ಓದಿದ ಹಾಗೆ. ಹವಳದ ಬಗ್ಗೆ ಮಾತ್ರ ಕೇಳಲಿಲ್ಲ. ಅವಳ ಬೆರಳು ತಾಯಿಯ ಬುಡದ ನೇರಕ್ಕೇ ಗಾಜನ್ನು ತಟ್ಟುತ್ತಿತ್ತು, ಅವನು ಅವಳ ಮುಖವನ್ನೇ ನೋಡುತ್ತಿದ್ದ. ನಾಲ್ಕನೆಯ ದಿನ ರೇಗಿ, ‘ಸುಮ್ನಿರು ಅಕ್ಕಾ, ಗಾಜು ಒಡೆದೀತು!’ ಅಂದುಬಿಟ್ಟ. ಅಕ್ಕ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಒಂದು ವಾರ ತಟ್ಟಲೇ ಇಲ್ಲ.

ಆ ಒಂದು ವಾರದಲ್ಲಿ ತುಂಡು ಮೊದಲು ಬೆಳ್ಳಗಾಯಿತು. ನೋಡದೆ ಬೇರೆ ದಾರಿಯಿರಲಿಲ್ಲ. ತಮ್ಮ ಭೂತಗನ್ನಡಿ ಹಿಡಿದು ತಾಯಿಯ ಬುಡಕ್ಕೆ ಬಗ್ಗಿದ. ಕೊಂಬುಗಳ ಕೆಳಗೆಲ್ಲ ಸಾಸಿವೆಯಷ್ಟು ದುಂಡು ಕಚ್ಚುಗಳು, ಮಾಸಿದ ಚುಕ್ಕೆಗಳು, ಸಾಲುಸಾಲು. ಪಿಚಕಾರಿಯಿಂದ ಒಂದು ಸಲ ಊದಿದ. ಈರುಳ್ಳಿ ಸಿಪ್ಪೆಯ ಚೂರುಗಳು ಎದ್ದು ನೀರೆಲ್ಲ ತುಂಬಿದವು. ಅವನು ಪಿಚಕಾರಿ ಕೆಳಗಿಟ್ಟು ಅಕ್ಕನ ಕಡೆ ತಿರುಗಿದ. ಅಕ್ಕ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಹನ್ನೆರಡು ದಿನದಿಂದ ಗೊತ್ತಿತ್ತು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ತಮ್ಮ ಆಮೇಲೆ ಮಾಡಿದ್ದೆಲ್ಲ ಅದೇ. ತಾಯಿಯನ್ನು ಎತ್ತಿ ಅದ್ದೋಣವೆಂದರೆ, ಅದು ಇಷ್ಟು ವರ್ಷದಲ್ಲಿ ಬಂಡೆಯ ಮೇಲೆ ಮೇಣ ಸುರಿದ ಹಾಗೆ ಹರಿದು ಬಂಡೆಯೇ ಆಗಿಹೋಗಿತ್ತು. ಈ ಹುಳಕ್ಕೆ ಬೇರೆ ಯಾವ ಹವಳವೂ ರುಚಿಸುವುದಿಲ್ಲ, ಕೊಂಬಿನ ಹವಳವೇ ಬೇಕು. ಹಾಗಾಗಿ ಸುತ್ತಲಿನದೆಲ್ಲ ನೆಟ್ಟಗಿತ್ತು, ನಡುವೆ ತಾಯಿ ಬುಡದಿಂದ ಮೇಲೆ ದಿನಕ್ಕೊಂದು ಬೆರಳಗಲ ಸುಣ್ಣವಾಗುತ್ತ ಬಂತು. ಇಕ್ಕಳದಿಂದ ಹನ್ನೆರಡು ನೇರಳೆ ತುದಿಗಳನ್ನು ಮುರಿದುಕೊಂಡ. ಈಗ ಎಲ್ಲ ಅಕ್ಕನ ಕ್ರಮದಂತೆ. ಹೊಸ ಬಿಲ್ಲೆ, ಹೊಸ ನೀರು, ಹತ್ತು ನಿಮಿಷ, ಐದು ದಿನಕ್ಕೊಮ್ಮೆ ಮತ್ತೆ. ಎರಡನೆಯ ಸಲ ಅದ್ದಿದಾಗ ಐದು ಬೆಳ್ಳಗಾದವು. ಮೊದಲೇ ಸೊರಗಿದ ಜೀವಕ್ಕೆ ಔಷಧಿಯೂ ವಿಷವೇ. ಮೂರನೆಯ ಸಲ ಆರು ಹೋದವು. ಕೊನೆಯದನ್ನು ಅದ್ದಬೇಕೋ ಬಿಡಬೇಕೋ ತಿಳಿಯದೆ ಬೋಗುಣಿ ಹಿಡಿದು ಮಧ್ಯಾಹ್ನವೆಲ್ಲ ಕೂತ. ಅದ್ದಿದರೆ ಔಷಧಿಗೆ ಸಾಯುತ್ತದೆ, ಬಿಟ್ಟರೆ ಹುಳಕ್ಕೆ. ಎತ್ತಿ ನೋಡಿದಾಗ ಅದರ ಚರ್ಮ ಗವಸಿನ ಬೆರಳಿಗೇ ಅಂಟಿಕೊಂಡು ಬಂತು.

ಅವತ್ತು ಅವನು ಟ್ಯಾಂಕಿಗೆ ಕೈ ಹಾಕಿ, ಸತ್ತ ತುಂಡನ್ನು ಬಂಡೆಯಿಂದ ಕಿತ್ತ. ಅಸ್ಥಿಯನ್ನು ಮುರಿದು ಬಿಲ್ಲೆ ಬಿಡಿಸಿದ. ಈಗ ಸಲೀಸಾಗಿ ಬಿಟ್ಟಿತು, ಒಂದು ಚೂರೂ ಸೀಳಲಿಲ್ಲ. ಅಡಿಯನ್ನು ಬೆಳಕಿಗೆ ಹಿಡಿದ. ‘ಹುಷಾರು’ ಪದದ ಒಂದೊಂದು ಗೀಟಿನೊಳಗೂ ಒಡೆದ ಮೊಟ್ಟೆಯ ಚಿಪ್ಪು, ಉಕಾರದ ಉದ್ದ ಕೊಂಬಿನ ತುದಿಯವರೆಗೂ. ಅಕ್ಷರ ಸ್ವಲ್ಪವೂ ಅಳಿಸಿರಲಿಲ್ಲ.

ಮರುದಿನ ಬೆಳಿಗ್ಗೆ ದೀಪ ಹೊತ್ತಿತು. ಕುರ್ಚಿಯನ್ನು ಗಾಜಿನ ಮುಂದಕ್ಕೆ ತಳ್ಳಹೋದರೆ ಅಕ್ಕ ತೋಳಿನ ಮೇಲೆ ಎರಡು ಸಲ ತಟ್ಟಿದಳು. ಎರಡು ವರ್ಷದಲ್ಲಿ ಮೊದಲ ಸಲ. ಅವನು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಅವಳ ಮುಂದೆ ನೆಲದ ಮೇಲೆ ಕುಕ್ಕರಿಸಿದ.

‘ಅಕ್ಕಾ, ನಾನು ಬುಡ ಕತ್ತರಿಸ್ಲಿಲ್ಲ.’ ಬಿಲ್ಲೆಯನ್ನು ಅವಳ ಎಡಗೈಯಲ್ಲಿಟ್ಟ. ‘ನಿನ್ ಅಕ್ಷರ ಇತ್ತು. ಮನೇಲಿ ಇನ್ನೆಲ್ಲೂ ಇರ್ಲಿಲ್ಲ. ನೀನು ಬರೆದದ್ದು ಇದೊಂದೇ ಉಳಿದಿರೋದು. ಕೈ ಬರ್ಲಿಲ್ಲ ಅಕ್ಕಾ. ನಿನಗೆ ಸುಳ್ಳು ಹೇಳ್ದೆ. ನಿನ್ನ ತಾಯೀನ ನಾನೇ ಕೊಂದೆ.’

ಅಕ್ಕ ಬಿಲ್ಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಹೆಬ್ಬೆರಳಿನ ಉಗುರನ್ನು ‘ಷಾ’ದ ಹೊಟ್ಟೆಯಲ್ಲಿ ಆಡಿಸಿದಳು, ಉಗುರಿನ ತುದಿಗೆ ಬಂದ ಚಿಪ್ಪನ್ನು ನೋಡಿದಳು. ಅರ್ಧಭಾಗ ಮಾತ್ರ ಅಲ್ಲಾಡುವ ಆ ಮುಖದಿಂದ ಅವನಿಗೆ ಏನೂ ತಿಳಿಯಲಿಲ್ಲ.

‘ಇದನ್ನ ನಾನು ಇಟ್ಕೊಳ್ಲಾ ಅಕ್ಕಾ?’

ಎರಡು ಸಲ.

‘ತೊಳೆದು, ಒಣಗಿಸಿ, ಡಬ್ಬಿಯಲ್ಲಿ ಹಾಕಿಡ್ತೀನಿ. ನೀರಿನ ಹತ್ರ ತರೋದೇ ಇಲ್ಲ. ಆಗ್ಲಾ?’

ಎರಡು ಸಲ. ಆಮೇಲೆ ಕೈ ಚಾಚಿ, ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಕೆರೆದು ತೋರಿಸಿದಳು. ಅಂಗಡಿಯ ಸಣ್ಣ ಚಾಕು ಕೇಳುತ್ತಿದ್ದಾಳೆ ಅಂತ ಅವನಿಗೆ ತಕ್ಷಣ ಗೊತ್ತಾಯಿತು. ಗೊತ್ತಾಗದ ಹಾಗೆ ನಟಿಸಬಹುದಿತ್ತು. ಒಂದು ಸಲ ನಟಿಸಿ ಆಗಿತ್ತಲ್ಲ. ಎದ್ದು ಹೋಗಿ ತಂದುಕೊಟ್ಟ.

ಒಂದೇ ಕೈಯಿರುವವಳು ಬಿಲ್ಲೆ ಹಿಡಿಯಬೇಕೋ, ಚಾಕು ಹಿಡಿಯಬೇಕೋ. ಅಕ್ಕ ಚಾಕು ಹಿಡಿದು ಅವನ ಮುಖ ನೋಡಿದಳು. ಅವನು ಬಿಲ್ಲೆಯನ್ನು ಎರಡೂ ಕೈಯಲ್ಲಿ, ಅವಳ ಮಡಿಲಿನ ಮೇಲೆ, ಅಲ್ಲಾಡದ ಹಾಗೆ ಹಿಡಿದ.

ಎಡಗೈ ಅದಕ್ಕೆ ಪಳಗಿದ್ದಲ್ಲ. ಚಾಕು ಜಾರುತ್ತಿತ್ತು, ಎರಡು ಸಲ ಅವನ ಬೆರಳಿಗೆ ಗೀರಿತು. ಅವನು ಬಿಡಲಿಲ್ಲ. ಮೊದಲು ತಾರೀಖು ಹೋಯಿತು. ಆಮೇಲೆ ‘ರು’, ಆಮೇಲೆ ‘ಷಾ’. ‘ಹು’ವಿನ ಉದ್ದ ಕೊಂಬಿಗೆ ಬಂದಾಗ ಅಕ್ಕ ಉಸಿರು ತೆಗೆದುಕೊಳ್ಳಲು ಸ್ವಲ್ಪ ನಿಂತಳು. ತಮ್ಮ ಅದನ್ನು ಕಣ್ಣಲ್ಲಿ ತುಂಬಿಕೊಳ್ಳಲು ನೋಡಿದ, ನೀರು ಬಂದು ಸರಿಯಾಗಿ ಕಾಣಲಿಲ್ಲ. ಅವಳು ಅದನ್ನೂ ಕೆರೆದಳು. ಬಿಳಿ ಪುಡಿ ಅವನ ಅಂಗೈ ಮೇಲೆ, ಅವಳ ಸೀರೆಯ ಮೇಲೆ ಉದುರಿತು.

ಇಪ್ಪತ್ತಾರು ವರ್ಷ ಪ್ರತಿ ಬಿಲ್ಲೆಗೂ ಮಾಡುತ್ತಿದ್ದ ಹಾಗೆ ಅಕ್ಕ ಅದನ್ನು ಬೆಳಕಿಗೆ ಓರೆ ಮಾಡಿ ಹಿಡಿಯಲು ಕಣ್ಣಲ್ಲೇ ಹೇಳಿದಳು. ಅವನು ಹಿಡಿದ. ಅವಳು ನೋಡಿ, ಕುರ್ಚಿಯ ತೋಳನ್ನು ಗೆಣ್ಣಿನಿಂದ ಒಂದು ಸಲ ತಟ್ಟಿದಳು.

ತಮ್ಮ ಬಿಲ್ಲೆಯ ಅಡಿಗೆ ಹೆಬ್ಬೆರಳು ಆಡಿಸಿದ. ನುಣ್ಣಗಿತ್ತು.